ತೆರೆಯೂ ತ್ರಾಣವೂ

ಲ್ಯಾಪ್‌ಟಾಪನ್ನು ಆರಿಸಹೊರಟವನು ಅಂಗಡಿಯ ದೀಪಗಳ ನಡುವೆ ಝಗಝಗಿಸುವ ವರ್ಣಚಿತ್ರಗಳಿಗೆ ಮರುಳಾಗದೆ, ಕನ್ನಡದ ಒಂದು ಪುಟವನ್ನು ಸಣ್ಣ ಅಕ್ಷರಗಳಲ್ಲಿ ತೆರೆಸಿ, ‘ಸ್ತ್ರೀ’, ‘ರಾಷ್ಟ್ರ’ ಮೊದಲಾದ ಶಬ್ದಗಳ ಒತ್ತಕ್ಷರಗಳು ಒಂದರೊಳಗೊಂದು ಕಲಸಿಹೋಗದೆ ನಿಲ್ಲುವುವೇ ಎಂಬುದನ್ನು ಪರೀಕ್ಷಿಸುವುದು ಉಚಿತವೆಂದು ನನ್ನ ಮತ. 2020ರ ನವೆಂಬರಿನಲ್ಲಿ ಆಪಲ್ ಸಂಸ್ಥೆಯು ಹೊರತಂದ ಎಂ1 ಮ್ಯಾಕ್‌ಬುಕ್ ಏರ್ ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ಉತ್ತೀರ್ಣವಾಗತಕ್ಕದ್ದು; 13.3 ಅಂಗುಲದ ಅದರ ತೆರೆಯಲ್ಲಿ ಅಡ್ಡಲಾಗಿ 2560, ಉದ್ದಕ್ಕೆ 1600 ಚುಕ್ಕೆಗಳು, ಎಂದರೆ ಅಂಗುಲವೊಂದಕ್ಕೆ 227, ದಟ್ಟೈಸಿರುವುದರಿಂದ, ಅರ್ಕಾವೊತ್ತಿನ ಬಾಗು ಕೂಡ ಹೊಸ ಅಚ್ಚುಮೊಳೆಯಿಂದ ಒತ್ತಿದಂತೆ ನಯವಾಗಿ ಮೂಡುತ್ತದೆ.

ಆದರೆ ನನ್ನನ್ನು ಅದಕ್ಕಿಂತಲೂ ವಿಸ್ಮಯಗೊಳಿಸಿದುದು ಆ ಯಂತ್ರದ ನಿಶ್ಶಬ್ದತೆ. 1600 ಕೋಟಿ ಟ್ರಾನ್ಸಿಸ್ಟರುಗಳನ್ನು ಅಡಕಮಾಡಿಕೊಂಡ ಅದರ ಚಿಪ್, ಗಣನೆಯ ಘಟಕಗಳಿಗೂ ಚಿತ್ರ ರಚಿಸುವ ಘಟಕಗಳಿಗೂ ಒಂದೇ ಸ್ಮೃತಿಭಂಡಾರವನ್ನು ತೆರೆದಿಟ್ಟು, ದತ್ತಾಂಶದ ವೃಥಾ ಸಾಗಾಟವನ್ನು ತಪ್ಪಿಸಿ, ಅಲ್ಪ ವಿದ್ಯುತ್ತಿನಲ್ಲಿಯೇ ಕಾರ್ಯವನ್ನು ನಿರ್ವಹಿಸುವುದರಿಂದ, ಅದಕ್ಕೆ ಫ್ಯಾನಿನ ಅಗತ್ಯವೇ ಬೀಳಲಿಲ್ಲ. ಗಂಟೆಗಟ್ಟಲೆ ವಿಡಿಯೊ ಸಂಕಲನ ಮಾಡುವವರಿಗೆ ಮಾತ್ರ, ಬಿಸಿಯೇರಿದಂತೆ ವೇಗವು ತಗ್ಗುವುದರಿಂದ, ಫ್ಯಾನುಳ್ಳ ಪ್ರೊ ಮಾದರಿಯೇ ಲೇಸು. ಕೊಳ್ಳುವಾಗ ರ್ಯಾಮಿನ ವಿಷಯದಲ್ಲಿ (ಮಾರುವವರು ಇದನ್ನು ಒತ್ತಿ ಹೇಳುವುದು ವಿರಳ) ಜಿಪುಣತನ ಸಲ್ಲದು. 8 ಜಿಬಿಯಾಗಲಿ 16 ಆಗಲಿ, ಅದು ಚಿಪ್ಪಿನೊಡನೆಯೇ ಬೆಸೆದು ಬರುವುದರಿಂದ, ಮುಂದೆ ಹೆಚ್ಚಿಸಿಕೊಳ್ಳಲು ಆಸ್ಪದವಿಲ್ಲ.