ಕಾಗದವಿಲ್ಲದ ಪುಸ್ತಕದ ಬೆಲೆ

ಇ-ಪುಸ್ತಕ ಅಗ್ಗವಾಗಿರಬೇಕು ಎಂಬುದು ಓದುಗರ ಸಹಜ ನಿರೀಕ್ಷೆ. ಕಾಗದವಿಲ್ಲ, ಮುದ್ರಣವಿಲ್ಲ, ಗೋದಾಮಿನಲ್ಲಿ ಗೆದ್ದಲಿನ ಭಯವಿಲ್ಲ. ಹೀಗಿರುವಾಗ 200 ರೂಪಾಯಿಯ ಕಥಾ ಸಂಕಲನಕ್ಕೆ ತೆರೆಯ ಮೇಲೂ 150 ಕೇಳಿದರೆ ನಮಗೆ ಸಿಟ್ಟು ಬರುತ್ತದೆ. ಪ್ರಕಾಶಕರ ಉತ್ತರವೂ ಸಿದ್ಧವಿದೆ: ಕರಡು ತಿದ್ದುವವರ ಸಂಬಳ, ಮುಖಪುಟ ಕಲಾವಿದರ ಸಂಭಾವನೆ, ಲೇಖಕರ ಗೌರವಧನ ಎರಡಕ್ಕೂ ಒಂದೇ. (ಗೌರವಧನದ ಬದಲು ಹತ್ತು ಪ್ರತಿ ಪಡೆದು ಸುಮ್ಮನಾದ ಕನ್ನಡ ಕತೆಗಾರರ ವಿಷಯ ಇಲ್ಲಿ ಬೇಡ.) ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಹಣ ಕೊಟ್ಟವನ ಕೈಗೆ ಬರುವುದೇನು ಎಂಬುದನ್ನು ಅದು ಹೇಳುವುದಿಲ್ಲ.

ಮುದ್ರಿತ ಪುಸ್ತಕವನ್ನು ನಾವು ಓದಿ ತಮ್ಮನಿಗೆ ಕೊಡಬಹುದು, ಮದುವೆಗೆ ಉಡುಗೊರೆ ಮಾಡಬಹುದು, ಕಷ್ಟ ಬಂದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗೆ ಮಾರಬಹುದು. ಇ-ಪುಸ್ತಕದಲ್ಲಿ ನಮಗೆ ಸಿಗುವುದು ಹೆಚ್ಚಿನ ಕಡೆ ಓದುವ ಅನುಮತಿ ಮಾತ್ರ. 2009ರ ಜುಲೈಯಲ್ಲಿ ಅಮೆಜಾನ್ ತನ್ನ ಗ್ರಾಹಕರ ಕಿಂಡಲ್‌ಗಳಿಂದ ಪುಸ್ತಕಗಳನ್ನು ಅಳಿಸಿಹಾಕಿತು. ಮಾರಿದವರಿಗೆ ಹಕ್ಕಿರಲಿಲ್ಲ ಎಂಬುದು ಕಾರಣ. ಹಣ ವಾಪಸಾಯಿತು, ಪುಸ್ತಕ ಹೋಯಿತು. ಅಳಿಸಿದ್ದು ಬೇರೆ ಯಾವುದೂ ಅಲ್ಲ, ಆರ್ವೆಲ್‌ನ '1984' ಮತ್ತು 'ಅನಿಮಲ್ ಫಾರ್ಮ್'! ಇಂಥ ಸರಕಿಗೆ ಮುದ್ರಿತ ಪುಸ್ತಕದ ಮುಕ್ಕಾಲು ಬೆಲೆ ಕೇಳುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಸರಕಾರವೂ ಇದರಲ್ಲಿ ಪಾಲುದಾರ. 2017ರಲ್ಲಿ ಜಿಎಸ್‌ಟಿ ಬಂದಾಗ ಮುದ್ರಿತ ಪುಸ್ತಕಕ್ಕೆ ತೆರಿಗೆ ಇರಲಿಲ್ಲ, ಇ-ಪುಸ್ತಕಕ್ಕೆ ಶೇಕಡಾ 18 ಇತ್ತು. 2018ರ ಜುಲೈಯಲ್ಲಿ ಅದನ್ನು 5ಕ್ಕೆ ಇಳಿಸಿದರು. ಆದರೆ ಮುದ್ರಿತ ರೂಪವೂ ಇರುವ ಪುಸ್ತಕಕ್ಕೆ ಮಾತ್ರ. ಪ್ರಕಾಶಕರು ಸಿಗದೆ ನೇರವಾಗಿ ತೆರೆಗೆ ಬರೆದ ಹೊಸ ಹುಡುಗಿಯ ಕತೆಗಳು ಕಾನೂನಿನ ಕಣ್ಣಿಗೆ ಪುಸ್ತಕವೇ ಆಗಲಿಲ್ಲ.

ಇಷ್ಟಾದರೂ ಕನ್ನಡದಲ್ಲಿ ಬೆಲೆ ಎರಡನೆಯ ಪ್ರಶ್ನೆ. ಸಿಗುತ್ತದೆಯೇ ಎಂಬುದು ಮೊದಲನೆಯದು. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳಿಗೆ ಬಾಗಿಲು ತೆರೆದಾಗ ಕನ್ನಡ ಹೊರಗೇ ಉಳಿಯಿತು. ಅಮೆಜಾನನ್ನು ಬೈದು ಸುಮ್ಮನಾಗುವಂತಿಲ್ಲ. ನಮ್ಮ ಪ್ರಕಾಶಕರ ಕಂಪ್ಯೂಟರ್‌ಗಳಲ್ಲಿ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಗಳಲ್ಲಿ ಪೇಜ್‌ಮೇಕರ್ ಕಡತಗಳು ಕೂತಿವೆ. ಅವನ್ನು ಯೂನಿಕೋಡ್‌ಗೆ ತಂದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ಮತ್ತೆ ಕರಡು ತಿದ್ದಬೇಕು. ಅದಕ್ಕೂ ಹಿಂದಿನ ಅಚ್ಚುಮೊಳೆಯ ಪುಸ್ತಕಗಳಿಗೆ ಕಡತವೇ ಇಲ್ಲ. 2020ರಲ್ಲಿ ಆರಂಭವಾದ ಮೈಲ್ಯಾಂಗ್‌ನಂಥ ಕನ್ನಡಿಗರದೇ ಪ್ರಯತ್ನಗಳು ಹೊಸ ಪುಸ್ತಕಗಳ ಮಟ್ಟಿಗೆ ಈ ಕೊರತೆಯನ್ನು ಸ್ವಲ್ಪ ತುಂಬಿವೆ.

ಉರ್ದು ಬಲ್ಲ ನಮಗೆ ಇಲ್ಲಿ ಹೋಲಿಕೆ ತಪ್ಪುವುದಿಲ್ಲ. 2013ರಲ್ಲಿ ಶುರುವಾದ ರೇಖ್ತಾ ಹಳೆಯ ಉರ್ದು ಪುಸ್ತಕ, ಪತ್ರಿಕೆಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಬಿಟ್ಟಿಯಾಗಿ ಓದಲು ಇಟ್ಟಿದೆ. ಕನ್ನಡದಲ್ಲೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಹಳೆಯ ಪುಸ್ತಕಗಳಿವೆ. ಆದರೆ ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹೀಗಾಗಿ ಬಿ.ಎಂ.ಶ್ರೀ ಅವರನ್ನು ಯಾರು ಬೇಕಾದರೂ ಪ್ರಕಟಿಸಬಹುದು. ಎಂಬತ್ತರ ದಶಕದ ಒಬ್ಬ ಬಂಡಾಯ ಕತೆಗಾರನ ಮೊದಲ ಸಂಕಲನ ಅಂಗಡಿಯಲ್ಲೂ ಇಲ್ಲ, ತೆರೆಯಲ್ಲೂ ಇಲ್ಲ. ಮುಸ್ಲಿಮರು, ದಲಿತರು, ಮಹಿಳೆಯರು ಮೊದಲ ಬಾರಿಗೆ ತಮ್ಮ ಮನೆಯೊಳಗಿನ ಮಾತನ್ನು ಕನ್ನಡಕ್ಕೆ ತಂದದ್ದು ಇಂಥ ಪುಸ್ತಕಗಳಲ್ಲಿಯೇ. ಹೆಚ್ಚಿನವು ಸಣ್ಣ ಪ್ರಕಾಶನಗಳಿಂದ ಒಂದೇ ಮುದ್ರಣ ಕಂಡವು.

2025ರ ಮೇಯಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಲೋಕದ ಓದುಗರು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದವನ್ನು ಕಿಂಡಲ್‌ನಲ್ಲೇ ಪಡೆಯಬಹುದಿತ್ತು. ಮೂಲ ಕನ್ನಡದಲ್ಲಿ ನಮ್ಮ ಕತೆಗಳನ್ನು ಓದಬಯಸುವ ದಮ್ಮಾಮ್, ದುಬೈಗಳ ಕನ್ನಡಿಗ ಮಾತ್ರ ಊರಿನಿಂದ ಬರುವವರ ಪೆಟ್ಟಿಗೆಯನ್ನು ಕಾಯುತ್ತಾನೆ. ಅಂಚೆಯಲ್ಲಿ ತರಿಸಿದರೆ ವೆಚ್ಚ ಪುಸ್ತಕದ ಬೆಲೆಯನ್ನೇ ಮೀರುತ್ತದೆ. ಅವನಿಗೆ ರಿಯಾಯಿತಿಗಿಂತ ಪುಸ್ತಕ ಮುಖ್ಯ.

ಪ್ರಕಾಶಕರು ಹೊಸ ಪುಸ್ತಕದ ಬೆಲೆಯ ಚೌಕಾಸಿ ಆಮೇಲೆ ಮಾಡಲಿ. ಮುದ್ರಣ ಮುಗಿದು ಹತ್ತು ವರ್ಷವಾದ ಶೀರ್ಷಿಕೆಗಳನ್ನು ಮೊದಲು ಅರ್ಧ ಬೆಲೆಗೆ ತೆರೆಗೆ ತರಲಿ. ಅದು ಆಗದಿದ್ದರೆ ಹಕ್ಕನ್ನು ಲೇಖಕನಿಗೆ, ಇಲ್ಲವೇ ಅವನ ಮಕ್ಕಳಿಗೆ ಬರವಣಿಗೆಯಲ್ಲಿ ಬಿಟ್ಟುಕೊಡಲಿ. ಅನೇಕ ಕಡೆ ಮೊದಲ ಕರಾರೇ ಬಾಯಿಮಾತಿನದು; ಬಿಟ್ಟುಕೊಡಲು ಒಂದು ಹಾಳೆ ಸಾಕು.