ಹಂಗಳದ ನೇಗಿಲನ್ನು ಎಲ್ಲಿ ನೇತುಹಾಕಬೇಕು?

ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೋಗುವವರಿಗೆ ಹಂಗಳ ದಾರಿಯಲ್ಲಿ ಸಿಗುವ ಊರು. ಕೆಲವರು ಇಲ್ಲಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗಿಕೊಳ್ಳುತ್ತಾರೆ, ಉಳಿದವರು ನೇರ ಬಂಡೀಪುರಕ್ಕೆ ಹೋಗುತ್ತಾರೆ. ಹೂವಿನ ಕಾಲದಲ್ಲಿ ಚೆಂಡುಹೂ, ಸೂರ್ಯಕಾಂತಿ ಹೊಲಗಳ ಮುಂದೆ ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುವವರೂ ಇದ್ದಾರೆ. ಊರಿನೊಳಗೆ ಬರುವವರು ಕಡಿಮೆ. ಈ ಊರಿಗೆ ಒಂದು ಸಣ್ಣ ಮ್ಯೂಸಿಯಂ ಬೇಕು ಎಂದು ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿಗೆ ಬಹಳ ದಿನದ ಆಸೆ. ಇರುವುದು ಒಂದೇ ಕೋಣೆ. ಅದರಲ್ಲಿ ಏನೇನು ಇಡಬೇಕು ಎಂದು ನಾಲ್ಕು ಪುಟದ ಪಟ್ಟಿ ಬರೆದು, ‘ಸ್ವಲ್ಪ ಭಾಷೆ ತಿದ್ದಿ ಕೊಡು’ ಎಂದು ನನ್ನ ಕೈಗಿಟ್ಟರು.

ಭಾಷೆ ತಿದ್ದಲು ಕೂತವನು ಪಟ್ಟಿಯನ್ನು ಒಂದು ಕೃತಿಯಂತೆ ಓದತೊಡಗಿದೆ. ತಪ್ಪೇನಿಲ್ಲ ಅನಿಸಿತು. ಪ್ರದರ್ಶನದ ಪಟ್ಟಿಗೂ ಒಂದು ಆರಂಭ, ಒಂದು ಕೊನೆ, ಒಬ್ಬ ನಾಯಕ ಇರುತ್ತಾರೆ. ಯಾವುದರ ಪಕ್ಕ ಯಾವುದು ಎಂಬ ಆಯ್ಕೆಯೇ ಅದರ ಕಥನ. ನಾವು ಕಾದಂಬರಿಗೆ ಕೇಳುವ ಪ್ರಶ್ನೆಗಳನ್ನೆಲ್ಲ ಇದಕ್ಕೂ ಕೇಳಬಹುದು.

ಪಟ್ಟಿಯಲ್ಲಿ ಏಳು ಭಾಗಗಳಿದ್ದವು. ‘ಹಂಗಳದಲ್ಲಿ ಅರಸರು’ ಮೊದಲನೆಯದು. ಆಮೇಲೆ ಶಾಸನ ಮತ್ತು ವೀರಗಲ್ಲು, ಕೃಷಿ ಉಪಕರಣಗಳು, ಹಳೆಯ ಅಡುಗೆಮನೆ, ಜನಪದ ಕಲೆ, ಕಾಡು ಮತ್ತು ವನ್ಯಜೀವಿ, ಇಂದಿನ ಹಂಗಳ. ನಮ್ಮಲ್ಲಿ ಯಾವ ಊರಿನವರು ಕೂತು ಬರೆದರೂ ಹೆಚ್ಚುಕಡಿಮೆ ಇದೇ ಪಟ್ಟಿ ಬರುತ್ತದೆ. ಅದಕ್ಕೆ ಒಂದು ಗೌರವದ ಇತಿಹಾಸವೂ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಶುರುವಾದಾಗ, ಮುಂದೆ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದಾಗ, ಮನೆ ಅಟ್ಟದಿಂದ ಒಲೆಗೆ ಹೋಗುತ್ತಿದ್ದ ಸಾಮಾನುಗಳು ಉಳಿದುಕೊಂಡವು. ಆ ಕೆಲಸ ಆಗದಿದ್ದರೆ ಇವತ್ತು ಈ ಚರ್ಚೆಯೇ ಇರುತ್ತಿರಲಿಲ್ಲ. ಆದರೆ ಉಳಿಸುವವರು ಮಾಡಿದ ವಿಂಗಡಣೆಯನ್ನು ನಂತರದ ಸಣ್ಣ ಊರುಗಳು ಹಾಗೇ ನಕಲು ಮಾಡಿದಾಗ ತೊಂದರೆ. ಒನಕೆ ಒನಕೆಯ ಜೊತೆ, ಕೊಳಗ ಕೊಳಗದ ಜೊತೆ ಕೂರುತ್ತದೆ. ಯಾರ ಕಣದಲ್ಲಿ ಯಾರು ಅಳೆದ ಕೊಳಗ ಎಂಬುದು ಹೋಗಿಬಿಡುತ್ತದೆ.

ಮೇಷ್ಟ್ರ ಪಟ್ಟಿಯ ಕ್ರಿಯಾಪದಗಳನ್ನು ಗುರುತು ಮಾಡುತ್ತಾ ಹೋದೆ. ಮೊದಲ ಭಾಗದಲ್ಲಿ ಅರಸರು ವಾಸವಾಗಿದ್ದರು, ಪಟ್ಟಕ್ಕೆ ಬಂದರು, ಕಟ್ಟಿಸಿದರು, ಪೋಷಿಸಿದರು. ಮೂರನೆಯ ಭಾಗಕ್ಕೆ ಬಂದರೆ ಒಂದೇ ಕ್ರಿಯಾಪದ: ‘ಬಳಸಲಾಗುತ್ತಿತ್ತು.’ ನೇಗಿಲನ್ನು ಉಳಲು ಬಳಸಲಾಗುತ್ತಿತ್ತು. ಕೂರಿಗೆಯನ್ನು ಬಿತ್ತಲು ಬಳಸಲಾಗುತ್ತಿತ್ತು. ಒರಳನ್ನು ಕುಟ್ಟಲು ಬಳಸಲಾಗುತ್ತಿತ್ತು. ಯಾರು ಬಳಸುತ್ತಿದ್ದರು? ವಾಕ್ಯದಲ್ಲಿ ಆ ಜಾಗವೇ ಇಲ್ಲ. ನಾವು ಶಾಲೆಯಲ್ಲಿ ಕರ್ಮಣಿ ಪ್ರಯೋಗ ಎಂದು ಕಲಿತದ್ದು ಮ್ಯೂಸಿಯಂ ಫಲಕಗಳ ಮಾತೃಭಾಷೆಯಾಗಿದೆ. ಅರಸನಿಗೆ ಕರ್ತರಿ, ರೈತನಿಗೆ ಕರ್ಮಣಿ. ನನ್ನ ತಕರಾರೆಲ್ಲ ಇಲ್ಲಿಂದ ಶುರುವಾಗುತ್ತದೆ.

ಮೊದಲ ಭಾಗದ ಅರಸ ಚಿಕ್ಕದೇವರಾಜ ಒಡೆಯರ್. ಮೈಸೂರನ್ನು 1673ರಿಂದ 1704ರವರೆಗೆ ಆಳಿದವರು. ಅದಕ್ಕೂ ಮುಂಚೆ, ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಅವರನ್ನು ಹಂಗಳದಲ್ಲಿ ಇರಿಸಲಾಗಿತ್ತು. ಮೇಷ್ಟ್ರು ‘ವಾಸವಾಗಿದ್ದರು’ ಎಂದು ಬರೆದಿದ್ದಾರೆ. 1810ರಲ್ಲಿ ದಕ್ಷಿಣ ಭಾರತದ ಚರಿತ್ರೆಯ ಮೊದಲ ಸಂಪುಟ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಅದನ್ನು ಸೆರೆ ಎನ್ನುತ್ತಾನೆ. ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ ಆ ದಿನಗಳಲ್ಲಿ ರಾಜಕುಮಾರನ ಸಂಗಾತಿ. ಪಟ್ಟ ಸಿಕ್ಕಿದ ಕೂಡಲೇ ಪಂಡಿತ ಮಂತ್ರಿಯಾದ. ಒಂದು ಸಣ್ಣ ಊರಿಗೆ ಇಷ್ಟು ಸಾಕಲ್ಲವೇ? ಮೈಸೂರಿನ ಮುಂದಿನ ಮೂವತ್ತು ವರ್ಷಗಳ ಮಾತುಕತೆ ಇಲ್ಲಿ ನಡೆದಿರಬಹುದು ಎಂದು ಊಹಿಸಲು ಯಾರಿಗೆ ಖುಷಿಯಾಗುವುದಿಲ್ಲ!

ಸಾಹಿತ್ಯದ ವಿದ್ಯಾರ್ಥಿಗಳಿಗೂ ಈ ಹೆಸರು ಹೊಸದಲ್ಲ. ತಿರುಮಲಾರ್ಯನ ‘ಚಿಕದೇವರಾಜ ವಂಶಾವಳಿ’, ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’, ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ ಎಲ್ಲವೂ ಈ ಆಸ್ಥಾನದ ಸುತ್ತ ಹುಟ್ಟಿದವು. ಸಿಂಗರಾರ್ಯನ ಕೃತಿ ನಮಗೆ ಸಿಕ್ಕಿರುವ ಮೊದಲ ಕನ್ನಡ ನಾಟಕ. ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಸಾಂಗತ್ಯದಲ್ಲಿ ಕಾವ್ಯ ಬರೆದಳು. ಮೇಷ್ಟ್ರು ಇದನ್ನೆಲ್ಲ ಪಟ್ಟಿಯಲ್ಲಿ ಸೇರಿಸಿದ್ದಾರೆ, ಸರಿಯಾಗಿಯೇ ಸೇರಿಸಿದ್ದಾರೆ. ಅರಸರು ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಕಟ್ಟಿಸಿದ ಪರವಾಸುದೇವ ದೇವಸ್ಥಾನದ ಚಿತ್ರವೂ ಇದೆ.

ಆದರೆ ಈ ಭಾಗದಲ್ಲಿ ಹಂಗಳ ಎಲ್ಲಿದೆ? 1673ರಲ್ಲಿ ರಾಜಕುಮಾರ ಶ್ರೀರಂಗಪಟ್ಟಣಕ್ಕೆ ಹೋದ. ಫಲಕದಲ್ಲಿ ಕಥೆಯೂ ಅವನ ಹಿಂದೆಯೇ ಹೊರಟುಹೋಗುತ್ತದೆ. ಊರು ಅವನು ಕಾದು ಕೂತ ಜಗಲಿ ಮಾತ್ರ. ಹಂಗಳದ ಮಗುವೊಂದು ಈ ಫಲಕ ಓದಿದರೆ, ನಮ್ಮೂರಿಗೆ ಒಬ್ಬ ದೊಡ್ಡವನು ಬಂದಿದ್ದ, ಆಮೇಲೆ ಹೋದ, ಅಷ್ಟರಲ್ಲಿ ನಮ್ಮ ಚರಿತ್ರೆ ಮುಗಿಯಿತು ಎಂದು ಅರ್ಥ ಮಾಡಿಕೊಂಡೀತು.

ಹೋದ ಅರಸ ಬೇರೆ ರೂಪದಲ್ಲಿ ವಾಪಸು ಬಂದದ್ದನ್ನು ಅದೇ ವಿಲ್ಕ್ಸ್ ಹೇಳುತ್ತಾನೆ. ಆರರಲ್ಲೊಂದು ಪಾಲಿನ ಭೂಕಂದಾಯವನ್ನು ಶಾಸ್ತ್ರಕ್ಕೆ ಹಾಗೇ ಉಳಿಸಿಕೊಂಡು, ಅದರ ಸುತ್ತ ಸಣ್ಣಪುಟ್ಟ ತೆರಿಗೆಗಳನ್ನು ಹೇರಲಾಯಿತು. ರೈತರು ಉಳುವುದನ್ನು ನಿಲ್ಲಿಸಿದರು. ಊರಬಾಗಿಲಿನ ಮರಕ್ಕೆ, ಜನ ಕೂತು ಮಾತಾಡುವ ಆ ಮರಕ್ಕೇ, ನೇಗಿಲನ್ನು ತಲೆಕೆಳಗು ಮಾಡಿ ನೇತುಹಾಕಿದರು. ಅದೇ ಬಂಡಾಯದ ಗುರುತು. ಬರಹ ಬೇಡ, ಡಂಗುರ ಬೇಡ. ದಾರಿಯಲ್ಲಿ ಹೋಗುವವನು ಮರ ನೋಡಿದರೆ ಸಾಕು, ಈ ಊರು ಏನು ಹೇಳುತ್ತಿದೆ ಎಂದು ತಿಳಿಯುತ್ತಿತ್ತು. ತೆರಿಗೆಗಳ ಹೊಣೆ ಹೊತ್ತ ವಿಶಾಲಾಕ್ಷ ಪಂಡಿತ 1680ರ ದಶಕದಲ್ಲಿ ಕೊಲೆಯಾದ. ಮಂತ್ರಿಯ ಸ್ಥಾನಕ್ಕೆ ತಿರುಮಲಾರ್ಯ ಬಂದ.

ವಿಲ್ಕ್ಸ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಅವನು ಮೈಸೂರಿನಲ್ಲಿ ರೆಸಿಡೆಂಟನ ಕೆಲಸ ನೋಡಿಕೊಂಡಿದ್ದ ಕಂಪನಿ ಅಧಿಕಾರಿ, ಘಟನೆ ನಡೆದು ಶತಮಾನ ದಾಟಿದ ಮೇಲೆ ಬರೆದವನು. ಈ ಬಂಡಾಯವನ್ನು ಹತ್ತಿಕ್ಕಿದ ಬಗೆಯ ಬಗ್ಗೆ, ನಂಜನಗೂಡಿನ ಬಳಿ ನಡೆಯಿತೆನ್ನುವ ಜಂಗಮರ ಕೊಲೆಯ ಬಗ್ಗೆ ಅವನು ಕೊಡುವ ಕರಾಳ ವಿವರ ಇಂದಿಗೂ ವಾದದ ವಸ್ತು. ಹಳೆಯ ಅರಸರ ಆಡಳಿತ ಕೆಟ್ಟದ್ದಿತ್ತು ಎಂದು ತೋರಿಸುವುದು ಕಂಪನಿಗೆ ಲಾಭವೇ. ಆದರೆ ಆಸ್ಥಾನದ ಕವಿಗಳಿಗೂ ಅವರದೇ ಲಾಭ ಇತ್ತು. ಅರಸನ ಪರಾಕ್ರಮವನ್ನು ಹಾಡುವ ಪದ್ಯದಲ್ಲಿ ಮರಕ್ಕೆ ನೇತುಹಾಕಿದ ನೇಗಿಲು ಬರುವುದಿಲ್ಲ. ಎರಡು ಕಡೆಯ ಸಾಕ್ಷಿಯನ್ನೂ ಅನುಮಾನದಿಂದಲೇ ಓದಬೇಕು. ಒಂದು ಕಡೆಯದನ್ನು ಮಾತ್ರ ಗೋಡೆಗೆ ಹಾಕಿದರೆ ಅದು ಓದಲ್ಲ, ಭಜನೆ.

ಹಾಗಾಗಿ ನಾನು ಮೇಷ್ಟ್ರಿಗೆ ಕೊಟ್ಟ ಸಲಹೆ ಒಂದೇ. ಹೊಸದೇನೂ ತರಬೇಡಿ, ಖರ್ಚೂ ಬೇಡ. ಮೂರನೇ ಭಾಗದ ಮೂಲೆಯಲ್ಲಿರುವ ನೇಗಿಲನ್ನು ಎತ್ತಿ ಮೊದಲ ಭಾಗದಲ್ಲಿ, ಅರಸರ ಚಿತ್ರದ ಎದುರಿಗೆ, ತಲೆಕೆಳಗಾಗಿ ನೇತುಹಾಕಿ. ಕೆಳಗೆ ಎರಡು ಸಾಲು ಬರೆಯಿರಿ. ಮೈಸೂರು ಸೀಮೆಯ ರೈತರು ಹೀಗೆ ನೇತುಹಾಕಿದರು ಎಂದು ವಿಲ್ಕ್ಸ್ ಬರೆಯುತ್ತಾನೆ. ಆಸ್ಥಾನದ ಕವಿಗಳು ಬರೆಯುವುದಿಲ್ಲ. ನೀವೇನು ಹೇಳುತ್ತೀರಿ? ‘ನೇತುಹಾಕಿದರು’ ಎಂಬ ಕ್ರಿಯಾಪದಕ್ಕೆ ಕರ್ತೃ ಇದ್ದಾನೆ ಎನ್ನುವುದೇ ನನಗೆ ಮುಖ್ಯ.

ಮೇಷ್ಟ್ರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಅಂದರು: ‘ನೇಗ್ಲ ತಲೆಕೆಳಗ ನೇತಾಕುದ್ರ ಊರವ್ರು ಸುಮ್ನ ಬುಟ್ಟರಾ? ಯುಗಾದಿಗ ಹೊನ್ನಾರು ಕಟ್ಟಾ ಸಾಮಾನು ಕಣಪ್ಪ ಅದು.’

ಈ ಮಾತಿಗೆ ನನ್ನ ಹತ್ತಿರ ಥಟ್ಟನೆ ಉತ್ತರ ಇರಲಿಲ್ಲ. ಯುಗಾದಿಯ ಹೊತ್ತಿಗೆ ಎತ್ತು, ನೇಗಿಲು, ನೊಗಕ್ಕೆ ಪೂಜೆ ಮಾಡಿ ವರ್ಷದ ಮೊದಲ ಉಳುಮೆ ಮಾಡುವ ಹೊನ್ನಾರು ಈ ಸೀಮೆಯಲ್ಲಿ ಸಣ್ಣ ವಿಷಯವಲ್ಲ. ಪುಸ್ತಕ ಓದಿದವನೊಬ್ಬ ಬಂದು ಪೂಜೆಯ ವಸ್ತುವನ್ನು ಉಲ್ಟಾ ಹಾಕಿ ಎಂದರೆ ಅದೂ ಒಂದು ದರ್ಪವೇ. ಅವರ ಎರಡನೆಯ ಮಾತು ಇನ್ನೂ ತೂಕದ್ದು. ನಮ್ಮ ಮಕ್ಕಳಿಗೆ ಹೆಮ್ಮೆಪಡಲು ಇರುವುದೇ ಇಷ್ಟು, ಅದರಲ್ಲೂ ಹುಳುಕು ತೋರಿಸಿದರೆ ಏನು ಉಳಿಯುತ್ತದೆ ಎಂದರು.

ಯೋಚಿಸಿದ ಮೇಲೆ ನನಗೆ ಅನಿಸಿದ್ದನ್ನು ಹೇಳುತ್ತೇನೆ. ಪೂಜೆಯ ವಸ್ತು ಆದ್ದರಿಂದಲೇ ಅದನ್ನು ತಲೆಕೆಳಗು ಮಾಡಿದ್ದಕ್ಕೆ ಅರ್ಥ ಬಂತು. ಗುದ್ದಲಿಯನ್ನೋ ಗೂಡೆಯನ್ನೋ ನೇತುಹಾಕಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅನ್ನದ ಮೂಲವನ್ನು ತಾವೇ ಕೈಯಾರೆ ನಿಲ್ಲಿಸಿದ ಜನರಿಗೆ ಅದು ಎಷ್ಟು ಕಷ್ಟವಾಗಿರಬೇಕು! ಅರಸ ಇಲ್ಲಿ ಕೆಲವು ವರ್ಷ ಇದ್ದ ಎನ್ನುವುದಕ್ಕಿಂತ ಇದು ದೊಡ್ಡ ಹೆಮ್ಮೆ. ಮೊದಲನೆಯದು ನಮಗೆ ಆದದ್ದು, ಎರಡನೆಯದು ನಮ್ಮಂಥವರು ಮಾಡಿದ್ದು.

ಇದೇ ಕಣ್ಣಿನಿಂದ ಉಳಿದ ಭಾಗಗಳನ್ನೂ ನೋಡಬಹುದು. ಜನಪದ ಕಲೆಯ ಭಾಗದಲ್ಲಿ ತಂಬೂರಿ, ಗಗ್ಗರ, ಕಂಸಾಳೆ ಗಾಜಿನ ಪೆಟ್ಟಿಗೆಯೊಳಗೆ ಇರುತ್ತವೆ ಎಂದಿದೆ. ಚಾಮರಾಜನಗರ ಜಿಲ್ಲೆಯಲ್ಲಿ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು, ದೇವರಗುಡ್ಡರು ಮಾದೇಶ್ವರನ ಕಥೆಯನ್ನು ಇಂದಿಗೂ ಹಾಡುತ್ತಿದ್ದಾರೆ. ಬದುಕಿರುವ ಹಾಡಿಗೆ ಗಾಜು ಹಾಕುವುದೆಂದರೆ ಬದುಕಿರುವವರ ಫೋಟೊಕ್ಕೆ ಹಾರ ಹಾಕಿದಂತೆ. ಆ ಪೆಟ್ಟಿಗೆಯ ಬದಲು ಒಂದು ಚಾಪೆ ಹಾಸಿ, ತಿಂಗಳಿಗೊಂದು ರಾತ್ರಿ ಹಾಡುವವರನ್ನು ಸಂಭಾವನೆ ಕೊಟ್ಟು ಕರೆಯುವುದು ಮೇಲು.

ಕಾಡಿನ ಭಾಗದಲ್ಲಿ ಹುಲಿ ಇದೆ, ಆನೆ ಇದೆ, ಎರಡು ಇಸವಿಗಳಿವೆ: 1941ರ ವೇಣುಗೋಪಾಲ ವನ್ಯಜೀವಿ ಉದ್ಯಾನ, 1973ರ ಹುಲಿ ಯೋಜನೆ. ಮನುಷ್ಯರೇ ಇಲ್ಲ. ಕಾಡಂಚಿನ ಹಾಡಿಗಳಲ್ಲಿ ಇವತ್ತು ಇರುವ ಜೇನುಕುರುಬರು, ಸೋಲಿಗರು ಆ ಇಸವಿಗಳ ಆಚೆಗೆ ಎಲ್ಲಿದ್ದರು? ಊರಿನ ದನ ಎಲ್ಲಿ ಮೇಯುತ್ತಿದ್ದವು? ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ‘ಡಿಸ್ಟ್ರಿಕ್ಟ್ ಸಿಕ್ಸ್’ ಎಂಬ ಬಡಾವಣೆಯನ್ನು ವರ್ಣಭೇದದ ಸರ್ಕಾರ 1966ರಲ್ಲಿ ಬಿಳಿಯರಿಗೆ ಮೀಸಲೆಂದು ಘೋಷಿಸಿ, ಮುಂದಿನ ವರ್ಷಗಳಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿತು. 1994ರಲ್ಲಿ ಅಲ್ಲಿ ಹಳೆಯ ಚರ್ಚೊಂದರಲ್ಲಿ ಮ್ಯೂಸಿಯಂ ತೆರೆದಾಗ ನೆಲದ ಮೇಲೆ ಆ ಬಡಾವಣೆಯ ದೊಡ್ಡ ನಕ್ಷೆ ಹಾಸಿದರು. ಬಂದವರು ಬಗ್ಗಿ ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದರು. ಬಂಡೀಪುರದ ಕಥೆ ಅದೇ ಅಲ್ಲ, ಕಾರಣಗಳೂ ಬೇರೆ. ಹುಲಿಯೂ ಉಳಿಯಬೇಕಾದ್ದೇ. ಆದರೆ ಆ ಉಪಾಯ ನಮ್ಮದಾಗಬಹುದು. ಹಂಗಳದ ಕೋಣೆಯ ನೆಲಕ್ಕೆ ಕಾಡಿನ ನಕ್ಷೆ ಬರೆಸಿ, ಕೆರೆ, ದಿಣ್ಣೆ, ಹಾಡಿ, ದೇವರ ಮರಗಳ ಹೆಸರನ್ನು ಬಲ್ಲವರೇ ತುಂಬಲಿ.

ಪಟ್ಟಿ ಮಾಡುವವರಿಗೆ ದೂರದ ಮಾದರಿಯೇ ಬೇಕಿಲ್ಲ. ಚಾಮರಾಜನಗರದ ಬಳಿ ಮಲೆಯೂರಿನ ಕನಕಗಿರಿಯಲ್ಲಿ ದೇವಚಂದ್ರ ಎಂಬ ಜೈನ ಕವಿ ಇದ್ದ. ಕಾಲಿನ್ ಮೆಕೆಂಜಿ 1804ರಲ್ಲಿ ಊರೂರಿನ ವಿವರ ಸಂಗ್ರಹಿಸುತ್ತಾ ಬಂದಾಗ ಅವನಿಗೆ ಸಾಮಗ್ರಿ ಕೊಟ್ಟವನು. ಮುಂದೆ ತಾನೇ ‘ರಾಜಾವಳಿ ಕಥೆ’ ಬರೆದ. ಪುರಾಣ, ಅರಸರ ವಂಶ, ಕೇಳಿದ್ದು, ಕಂಡದ್ದು ಎಲ್ಲವೂ ಅದರಲ್ಲಿ ಒಟ್ಟಿಗಿವೆ. ಇತಿಹಾಸಕಾರರಿಗೆ ಅದು ತಲೆನೋವು. ಒಂದು ಕೋಣೆಯ ಮ್ಯೂಸಿಯಂಗೆ ಮಾತ್ರ ಅದು ಧೈರ್ಯ ಕೊಡಬೇಕು. ಇದು ಶಾಸನ, ಇದು ಊರ ಮಾತು, ಇದು ಕಂಪನಿಯವನ ಮಾತು ಎಂದು ಹೆಸರು ಹಾಕಿ ಪಕ್ಕಪಕ್ಕ ಇಟ್ಟರೆ ಸಾಕು.

ಪಟ್ಟಿಯನ್ನು ತಿದ್ದಿ ವಾಪಸು ಕೊಟ್ಟೆ. ‘ಬಳಸಲಾಗುತ್ತಿತ್ತು’ ಎಂದಿದ್ದ ಕಡೆಯೆಲ್ಲ ಗೆರೆ ಎಳೆದು, ‘ಯಾರು?’ ಎಂದು ಬರೆದಿದ್ದೆ. ಮೇಷ್ಟ್ರು ಕೆಲವು ದಿನದ ಮೇಲೆ ಫೋನ್ ಮಾಡಿದರು. ಒರಳು, ಬೀಸುಕಲ್ಲು ಕೊಡುತ್ತೇವೆಂದ ಮನೆಗಳಿಗೆ ಹೋಗಿ, ಅದರಲ್ಲಿ ಬೀಸಿದ ಹೆಂಗಸರ ಹೆಸರು ಬರೆದುಕೊಂಡು ಬಂದಿದ್ದರಂತೆ. ನೇಗಿಲಿನ ವಿಷಯಕ್ಕೂ ಒಂದು ದಾರಿ ಹುಡುಕಿದ್ದರು. ವರ್ಷವೆಲ್ಲ ಅದು ಅರಸರ ಎದುರು ತಲೆಕೆಳಗಾಗಿಯೇ ಇರಲಿ. ಯುಗಾದಿಗೆ ಇಳಿಸಿ, ತೊಳೆದು, ಪೂಜೆ ಮಾಡಿ, ಅದರಲ್ಲೇ ಹೊನ್ನಾರು ಕಟ್ಟೋಣ. ಆಮೇಲೆ ಮತ್ತೆ ನೇತುಹಾಕೋಣ.

ಇಂಥದ್ದು ನನಗೆ ಹೊಳೆದಿರಲಿಲ್ಲ. ನೇಗಿಲಿನ ಎರಡೂ ಅರ್ಥ ಅದರಲ್ಲಿ ಉಳಿಯುತ್ತಿತ್ತು. ಖುಷಿಯಲ್ಲಿ, ಮರದ ನೇಗಿಲಿಗೆ ಹೂಡುವ ಎತ್ತು ಈಗ ಊರಲ್ಲಿ ಎಷ್ಟು ಜೊತೆ ಇವೆ ಮೇಷ್ಟ್ರೇ ಎಂದು ಕೇಳಿದೆ.

‘ಅದ್ನ ಏಳ್ನೇ ಭಾಗಕ್ಕ ಬರ್ಕೊ ಕಣಪ್ಪ’ ಅಂದರು.