ಮೊದಲು ಕಿವಿ, ಆಮೇಲೆ ಕಣ್ಣು

ಕೆನ್ ಬರ್ನ್ಸ್ ಅವರ ‘ದಿ ಸಿವಿಲ್ ವಾರ್’ ನೋಡಲು ಕೂರುವವರಿಗೆ ನಾನು ಒಂದು ಮಾತು ಹೇಳುತ್ತೇನೆ. ಮೊದಲ ಕಂತಿನ ಕೊನೆಯ ಕೆಲವು ನಿಮಿಷ ಕಣ್ಣು ಮುಚ್ಚಿಕೊಳ್ಳಿ. ಪಿಟೀಲೊಂದು ಮೆಲ್ಲಗೆ ಎಳೆಯುತ್ತಿರುತ್ತದೆ, ಅದರ ಮೇಲೆ ಒಬ್ಬ ಗಂಡಸು ಹೆಂಡತಿಗೆ ಬರೆದ ಕಾಗದ ಓದುತ್ತಾನೆ. ಬರೆದವನು ರೋಡ್ ಐಲೆಂಡಿನ ಮೇಜರ್ ಸಲಿವನ್ ಬಲೂ, ತಾರೀಖು 1861ರ ಜುಲೈ 14. ಸರಿಯಾಗಿ ಒಂದು ವಾರಕ್ಕೆ ಬುಲ್ ರನ್ ಕಾಳಗದಲ್ಲಿ ತೋಪಿನ ಗುಂಡು ಬಡಿದು ಅವನ ಕಾಲು ಹೋಯಿತು, ಆ ಗಾಯದಲ್ಲೇ ತೀರಿಕೊಂಡ. ನಾನು ಮೊದಲ ಸಲ ಇದನ್ನು ಕೇಳಿದಾಗ ಮುಂದಿನ ಕಂತು ಹಾಕಲು ಕೈ ಬರಲಿಲ್ಲ.

‘ದಿ ಸಿವಿಲ್ ವಾರ್’ 1990ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪಿಬಿಎಸ್ ವಾಹಿನಿಯಲ್ಲಿ ಐದು ರಾತ್ರಿ ಬಂದ ಒಂಬತ್ತು ಕಂತುಗಳ ಸಾಕ್ಷ್ಯಚಿತ್ರ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ 11 ರಾಜ್ಯಗಳು ಒಕ್ಕೂಟದಿಂದ ಹೊರನಡೆದದ್ದರಿಂದ ಹೊತ್ತಿದ ಯುದ್ಧ 1861ರಿಂದ 1865ರವರೆಗೆ ನಡೆದು, 6 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ತೆಗೆದುಕೊಂಡಿತು. ನಮಗೆ ಇದು ತೀರಾ ದೂರದ ಕತೆಯೂ ಅಲ್ಲ. ಅಮೆರಿಕದ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಮುಂಬಯಿ ಕಡೆ ತಿರುಗಿದವು, ಧಾರವಾಡ ಸೀಮೆಯ ಹತ್ತಿಗೂ ಬೆಲೆ ಏರಿತು. ಆ ಹೊಲಗಳಲ್ಲಿ ಬೆಳೆಯುತ್ತಿದ್ದ ‘ಧಾರವಾಡ ಅಮೆರಿಕನ್’ ತಳಿಯ ಬೀಜವೂ ಮೂಲತಃ ನ್ಯೂ ಆರ್ಲಿಯನ್ಸ್ ಕಡೆಯದೇ.

ಈಗ ಕಣ್ಣು ತೆರೆಯಿರಿ. ತೆರೆಯ ಮೇಲೆ ಹೆಚ್ಚಾಗಿ ಕಾಣುವುದು ನಿಶ್ಚಲ ಚಿತ್ರಗಳು. ಆಗ ಫೋಟೊ ತೆಗೆಯಬೇಕಾದರೆ ಗಾಜಿನ ಫಲಕಕ್ಕೆ ರಾಸಾಯನಿಕ ಹಚ್ಚಿ, ಅದು ಒಣಗುವುದರೊಳಗೆ ಕೆಲಸ ಮುಗಿಸಬೇಕಿತ್ತು. ಎದುರಿಗಿದ್ದವರು ಕೆಲವು ಸೆಕೆಂಡು ಕದಲುವಂತಿರಲಿಲ್ಲ. ಆದ್ದರಿಂದ ಓಡುವ, ಗುಂಡು ಹಾರಿಸುವ ಸಿಪಾಯಿಯ ಚಿತ್ರ ಸಿಗುವುದಿಲ್ಲ. ಸಿಗುವುದು ಕಾಳಗಕ್ಕೆ ಮುಂಚಿನ ಮುಖಗಳು, ಕಾಳಗ ಮುಗಿದ ಮೇಲಿನ ಹೆಣಗಳು. ಬರ್ನ್ಸ್ ಕ್ಯಾಮೆರಾ ಆ ಚಿತ್ರದ ಮೇಲೆ ನಿಧಾನ ತೆವಳುತ್ತದೆ, ಬೂಟಿನಿಂದ ಕೈಗೆ, ಕೈಯಿಂದ ಮುಖಕ್ಕೆ. ಕುದುರೆಯ ಗೊರಸು, ದೂರದ ತೋಪಿನ ಸದ್ದನ್ನು ಆಮೇಲೆ ಸೇರಿಸಿದ್ದು. ಎಲ್ಲಿ ಚಿತ್ರ ಮುಗಿದು ಎಲ್ಲಿ ಸದ್ದು ಶುರುವಾಯಿತು ಅಂತ ಗಮನಿಸುತ್ತಾ ಹೋಗಿ. ಹೊಲಿಗೆ ಕಂಡರೆ ರಸ ಕೆಡುತ್ತದೆ ಅನ್ನುವವರಿದ್ದಾರೆ. ನನ್ನ ಅನುಭವ ಹಾಗಲ್ಲ, ಸೀರೆಯ ನೇಯ್ಗೆ ತಿಳಿದವರೇ ಸೀರೆಯನ್ನು ಹೆಚ್ಚು ಹೊತ್ತು ಕೈಯಲ್ಲಿ ಹಿಡಿದಿರುತ್ತಾರೆ.

ಫೋಟೊ ಎಂದರೆ ಸತ್ಯ ಅಂತಲೂ ನಂಬಿ ಕೂರಬೇಡಿ. ಗೆಟಿಸ್‌ಬರ್ಗ್‌ನ ರಣಭೂಮಿಯ ಬಂಡೆಗಳ ನಡುವೆ ಸತ್ತು ಬಿದ್ದ ದಕ್ಷಿಣದ ಗುರಿಕಾರನ ಪ್ರಸಿದ್ಧ ಚಿತ್ರವಿದೆ. ತೆಗೆದದ್ದು ಛಾಯಾಗ್ರಾಹಕ ಅಲೆಕ್ಸಾಂಡರ್ ಗಾರ್ಡ್ನರ್ ತಂಡ. ಹೆಣವನ್ನು ಬೇರೆ ಕಡೆಯಿಂದ ಎತ್ತಿ ತಂದು ಅಲ್ಲಿ ಮಲಗಿಸಿ, ಪಕ್ಕಕ್ಕೊಂದು ಬಂದೂಕು ಒರಗಿಸಿದ್ದರೆಂದು ಇತಿಹಾಸಕಾರ ವಿಲಿಯಂ ಫ್ರಾಸನಿಟೊ 1970ರ ದಶಕದಲ್ಲಿ ತೋರಿಸಿಕೊಟ್ಟರು. ಆ ಹುಡುಗ ಸತ್ತದ್ದಂತೂ ನಿಜ. ಅದನ್ನೂ ಮರೆಯಬಾರದು.

ಸಂಗೀತಕ್ಕೆ ಬರೋಣ. ಬಲೂ ಬರೆದ ಕಾಗದದ ಹಿಂದೆ ಕೇಳುವ, ಇಡೀ ಸರಣಿಯಲ್ಲಿ ಮತ್ತೆ ಮತ್ತೆ ಬರುವ ಆ ಪಿಟೀಲಿನ ಧಾಟಿ ಯುದ್ಧದ ಕಾಲದ್ದು ಅಂತಲೇ ಬಹಳ ಜನ ತಿಳಿದಿದ್ದಾರೆ. ಅದು ‘ಅಶೋಕನ್ ಫೇರ್‌ವೆಲ್’, 1982ರಲ್ಲಿ ಜೇ ಉಂಗರ್ ಕಟ್ಟಿದ್ದು. ನ್ಯೂಯಾರ್ಕ್ ರಾಜ್ಯದ ಅಶೋಕನ್ ಎಂಬಲ್ಲಿ ಅವರು ನಡೆಸುತ್ತಿದ್ದ ಪಿಟೀಲು ಮತ್ತು ನೃತ್ಯ ಶಿಬಿರ ಮುಗಿದು ಎಲ್ಲರೂ ಊರಿಗೆ ಹೊರಟಾಗಿನ ಬೇಸರದಲ್ಲಿ ಹುಟ್ಟಿದ ಧಾಟಿ. ತಿಳಿದ ಮೇಲೂ ನನಗೆ ಗಂಟಲು ಕಟ್ಟುವುದು ನಿಂತಿಲ್ಲ.

ಆದರೆ ಯುದ್ಧಕಾಲದ ನಿಜವಾದ ಹಾಡುಗಳನ್ನು ಕೇಳುವಾಗ ಯಾರದ್ದು ಯಾರಿಗೆ ಹೋಯಿತು ಅಂತ ವಿಚಾರಿಸಬೇಕು. ‘ಡಿಕ್ಸಿ’ ದಕ್ಷಿಣದ ಗೀತೆಯೆಂದೇ ಹೆಸರಾದದ್ದು. ಅದನ್ನು ಹಾಡಿ ಹೆಸರು ಮಾಡಿದ ಡ್ಯಾನಿಯಲ್ ಎಮೆಟ್ ಮಾತ್ರ ಉತ್ತರದ ಓಹಾಯೊದವನು. ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ರಂಗಮೇಳಗಳಿಂದ ಬಂದ ಹಾಡದು. ದಕ್ಷಿಣದ ಸೇನಾಪತಿ ಲೀ ಶರಣಾದ ಮರುದಿನ, 1865ರ ಏಪ್ರಿಲ್ 10ರಂದು, ಅಧ್ಯಕ್ಷ ಲಿಂಕನ್ ತಮ್ಮ ಮುಂದಿದ್ದ ವಾದ್ಯದವರಿಗೆ ಅದನ್ನೇ ನುಡಿಸಿ ಅಂದರು. ನಾಲ್ಕೇ ದಿನಕ್ಕೆ ಅವರಿಗೆ ಗುಂಡು ಬಿತ್ತು.

ಇನ್ನು ದನಿಗಳು. ಇಡೀ ಸರಣಿಯ ಜೀವ ಇರುವುದು ಇಲ್ಲೇ. ಟೆನೆಸಿಯ ಸಾಮಾನ್ಯ ಸಿಪಾಯಿ ಸ್ಯಾಮ್ ವಾಟ್ಕಿನ್ಸ್, ಅವನಿಗೆದುರು ಉತ್ತರದ ಎಲಿಶಾ ಹಂಟ್ ರೋಡ್ಸ್, ಇಬ್ಬರನ್ನೂ ಬೆನ್ನು ಹತ್ತಿ ಹೋಗಿ. ಒಂದೇ ಯುದ್ಧ ಎರಡು ಕಡೆಯ ಮಣ್ಣಿನಿಂದ ಕಾಣುತ್ತದೆ. ದಕ್ಷಿಣದ ಸಿರಿವಂತ ಮನೆಯ ಮೇರಿ ಚೆಸ್ನಟ್‌ಳ ದಿನಚರಿಯನ್ನು ಜೂಲಿ ಹ್ಯಾರಿಸ್, ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್‌ನ ಮಾತನ್ನು ಮಾರ್ಗನ್ ಫ್ರೀಮನ್ ಓದಿದ್ದಾರೆ. ಸರಣಿಯಲ್ಲಿ ಮಾತಾಡುವ ಇತಿಹಾಸಕಾರರಲ್ಲಿ ಶೆಲ್ಬಿ ಫೂಟ್ ಅವರ ಕತೆಗಾರಿಕೆಗೆ ಎಲ್ಲರೂ ಸೋಲುತ್ತಾರೆ, ನಾನೂ ಸೋತಿದ್ದೇನೆ. ಆದರೂ ಬಾರ್ಬರಾ ಫೀಲ್ಡ್ಸ್ ಬಾಯಿ ತೆರೆದಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ. ಯುದ್ಧ ಯಾವುದಕ್ಕಾಗಿ ಎಂಬ ಪ್ರಶ್ನೆಯನ್ನು ಅವರು ಬಿಡುವುದಿಲ್ಲ. ಫೂಟ್ ಅವರಿಗೆ ಸಿಕ್ಕಷ್ಟು ಹೊತ್ತು ಫೀಲ್ಡ್ಸ್ ಅವರಿಗೆ ಸಿಗದೇ ಹೋದದ್ದು ಈ ಸರಣಿಯ ದೊಡ್ಡ ಕೊರತೆ ಅನ್ನುವುದು ನನ್ನ ಅಭಿಪ್ರಾಯ.

ಆ ಕೊರತೆ ತುಂಬಿಕೊಳ್ಳಲು 1989ರ ‘ಗ್ಲೋರಿ’ ಚಿತ್ರ ನೋಡಿ. ಮಸಾಚುಸೆಟ್ಸ್‌ನ ಕಪ್ಪು ಸೈನಿಕರ 54ನೇ ದಳ ದಕ್ಷಿಣದವರ ವ್ಯಾಗ್ನರ್ ಕೋಟೆಯ ಮೇಲೆ ಏರಿಹೋದ ಕತೆ. ಡೆನ್ಜೆಲ್ ವಾಷಿಂಗ್ಟನ್ ಅವರ ಮುಖವೊಂದಕ್ಕಾಗಿಯೇ ನೋಡಬಹುದು. ಅವರ ಪಾತ್ರ ಮಾತ್ರ ಕಲ್ಪಿತ. ಆ ದಳದ ನಿಜವಾದ ದನಿಯೊಂದು ಉಳಿದಿದೆ, ಕಾರ್ಪೊರಲ್ ಜೇಮ್ಸ್ ಹೆನ್ರಿ ಗೂಡಿಂಗ್‌ನದು. 1863ರ ಸೆಪ್ಟೆಂಬರ್ 28ರಂದು ಅವನು ನೇರವಾಗಿ ಲಿಂಕನ್‌ಗೇ ಕಾಗದ ಬರೆದ. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸಿಪಾಯಿಗೆ 10, ಅದರಲ್ಲೂ ಬಟ್ಟೆಯ ಲೆಕ್ಕಕ್ಕೆ 3 ಮುರಿದು, ಕೈಗೆ 7. ನಾವು ಸಿಪಾಯಿಗಳೋ ಕೂಲಿಯವರೋ ಅಂತ ಅವನು ಅಧ್ಯಕ್ಷರನ್ನು ಕೇಳಿದ. ದಳದವರು ಕಡಿಮೆ ಸಂಬಳ ಮುಟ್ಟದೆ ಬರಿಗೈಯಲ್ಲೇ ಕಾದಿದರು. ಸಮಾನ ಸಂಬಳಕ್ಕೆ ಸಂಸತ್ತು ಒಪ್ಪಿದ್ದು 1864ರ ಜೂನ್‌ನಲ್ಲಿ. ಆ ಹೊತ್ತಿಗೆ ಗೂಡಿಂಗ್ ಸೆರೆಸಿಕ್ಕು ಜಾರ್ಜಿಯಾದ ಆಂಡರ್ಸನ್‌ವಿಲ್ ಬಂದೀಶಿಬಿರದಲ್ಲಿದ್ದ. ಜುಲೈನಲ್ಲಿ ಅಲ್ಲೇ ಸತ್ತ.

ಅವನ ಕಾಗದವನ್ನು ಹುಡುಕಿ ತೆಗೆದು ಮನೆಯಲ್ಲಿ ಗಟ್ಟಿಯಾಗಿ ನೀವೇ ಓದಿ. ಹಿಂದೆ ಪಿಟೀಲು ಹಾಕಿಕೊಳ್ಳಬೇಡಿ.